ಮಂತ್ರಶಾಲೆಯ ಮೇಲೆ ಮೊದಲ ಕಾದಂಬರಿ: ಹಾಜರಿ ಪುಸ್ತಕದಿಂದ ಕೊನೆಯ ಕರಡಿನವರೆಗೆ

ಕೇರಳದ ಗಡಿನಾಡಾದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಹೊಸ ಬರಹಗಾರರು ಓದಲು ಕೊಟ್ಟ ಮಾಯಾಲೋಕದ ಕಾದಂಬರಿಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತುಹೋಗಿರುತ್ತವೆ. ಮಗುವೊಂದು ಮಂತ್ರ ಕಲಿಸುವ ಶಾಲೆಗೆ ಸೇರುತ್ತದೆ, ಮೊದಲ ದಿನ ಬೆರಗಾಗುತ್ತದೆ, ಎರಡನೆಯ ದಿನ ಒಬ್ಬ ಗೆಳೆಯನೂ ಒಬ್ಬ ವೈರಿಯೂ ಸಿಗುತ್ತಾರೆ, ಮೂರನೆಯ ದಿನ ಏನು ನಡೆಯಬೇಕೆಂದು ಬರೆಯುವವರಿಗೇ ತಿಳಿಯುವುದಿಲ್ಲ. ಅರುವತ್ತನೆಯ ಪುಟದ ಆಸುಪಾಸಿನಲ್ಲಿ ನೋಟ್‌ಬುಕ್ಕು ಮುಚ್ಚಿಹೋಗುತ್ತದೆ. ನನ್ನ ಮೊದಲ ಪ್ರಯತ್ನವೂ ಹನ್ನೆರಡನೆಯ ಅಧ್ಯಾಯದಲ್ಲಿ ಹೀಗೆಯೇ ಸತ್ತಿತು.

ಕಲ್ಪನೆ ಕಡಿಮೆಯಾಗಿ ಹೀಗೆ ಆದದ್ದನ್ನು ನಾನು ಕಂಡಿಲ್ಲ. ಕೆಲಸದ ಕ್ರಮ ತಲೆಕೆಳಗಾದಾಗ ಹೀಗಾಗುತ್ತದೆ. ಮಂತ್ರಗಳನ್ನೂ ರಾಜವಂಶಗಳನ್ನೂ ಮೊದಲು ಕಟ್ಟಿ, ಆಮೇಲೆ ಅವುಗಳ ನಡುವೆ ಒಂದು ಶಾಲೆಯನ್ನು ತುರುಕುತ್ತಾರೆ. ಶಾಲೆಯನ್ನು ಮೊದಲು ನಿಲ್ಲಿಸಿ, ಅದು ಮಂತ್ರವಿಲ್ಲದೆಯೂ ಒಂದು ವಾರ ನಡೆಯುವಂತೆ ಮಾಡಿದ ಮೇಲೆ ಮಂತ್ರವನ್ನು ಒಳಗೆ ಬಿಡಬೇಕು. ಕೆಳಗಿನ ಹಂತಗಳನ್ನು ಈ ಕಾರಣಕ್ಕಾಗಿಯೇ ಈ ಅನುಕ್ರಮದಲ್ಲಿ ಇಟ್ಟಿದ್ದೇನೆ. ನಡುವಿನ ಒಂದು ಹಂತವನ್ನು ಹಾರಿದವರು ಅಲ್ಲಿಗೇ ಹಿಂದಿರುಗಬೇಕಾಗುತ್ತದೆ.

ಬೇಕಾದ ಸಾಮಗ್ರಿ

ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ಕು, ನಿಮ್ಮ ಹತ್ತಿರದ ಯಾವುದಾದರೂ ಶಾಲೆಯ ಈ ವರ್ಷದ ಕ್ಯಾಲೆಂಡರು ಮತ್ತು ಟೈಮ್‌ಟೇಬಲ್ಲಿನ ನಕಲು, ಒಂದು ಪೆನ್ಸಿಲು. ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಯುನಿಕೋಡ್ ಕನ್ನಡದಲ್ಲಿ ಬರೆಯುವ ವ್ಯವಸ್ಥೆ ಮೂರನೆಯ ಹಂತದ ನಂತರ ಸಾಕು. ಇವುಗಳ ಜೊತೆಗೆ ಮನೆಮಾತು ನಿಮ್ಮದಕ್ಕಿಂತ ಬೇರೆಯಾಗಿರುವ ಒಬ್ಬ ಸ್ನೇಹಿತರು ಬೇಕು. ಏಕೆಂಬುದು ಐದನೆಯ ಹಂತದಲ್ಲಿ ತಿಳಿಯುತ್ತದೆ.

1. ಹಾಜರಿ ಪುಸ್ತಕ ಮತ್ತು ಟೈಮ್‌ಟೇಬಲ್

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ತರಗತಿಯ ಹಾಜರಿ ಪಟ್ಟಿಯನ್ನು ಬರೆಯಿರಿ. ಇಪ್ಪತ್ತರಿಂದ ಮೂವತ್ತು ಹೆಸರುಗಳಿರಲಿ; ಪ್ರತಿ ಹೆಸರಿನ ಮುಂದೆ ಮನೆಯಿರುವ ಊರು, ಮನೆಮಾತು, ಶಾಲೆಗೆ ಬರುವ ದಾರಿ, ಇಷ್ಟನ್ನು ಒಂದೊಂದು ಪದದಲ್ಲಿ ಗುರುತಿಸಿ. ನಮ್ಮ ಜಿಲ್ಲೆಯಲ್ಲಿ ಇದು ಸುಲಭದ ಕೆಲಸ. ಒಂದೇ ಬೆಂಚಿನಲ್ಲಿ ತುಳು, ಹವ್ಯಕ, ಬ್ಯಾರಿ, ಮಲೆಯಾಳ, ಕೊಂಕಣಿ, ಮರಾಠಿ, ಕರಾಡ ಮಾತುಗಳು ಸೇರುವುದನ್ನು ಇಲ್ಲಿ ಯಾರೂ ಸೋಜಿಗವೆಂದು ಭಾವಿಸುವುದಿಲ್ಲ. ಕಾದಂಬರಿಯಲ್ಲಿ ಈ ಪಟ್ಟಿಯ ಆರೇಳು ಮಕ್ಕಳು ಮಾತ್ರ ಮಾತನಾಡುತ್ತಾರೆ, ಉಳಿದವರು ಹಿಂಬದಿಯ ಬೆಂಚುಗಳಲ್ಲಿ ಕುಳಿತು ಶಾಲೆಯನ್ನು ಶಾಲೆಯಾಗಿಸುತ್ತಾರೆ.

ಎರಡನೆಯ ಪುಟದಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ಟೈಮ್‌ಟೇಬಲ್ಲನ್ನು ಗೆರೆ ಎಳೆದು ತುಂಬಿಸಿ. ಬೆಲ್ಲು ಹೊಡೆಯುವವರು ಯಾರು, ಮಧ್ಯಾಹ್ನದ ಅನ್ನ ಬೇಯಿಸುವವರು ಯಾರು, ನೀರು ಎಲ್ಲಿಂದ ಬರುತ್ತದೆ, ಕೀಲಿಕೈ ಯಾರ ಸೊಂಟದಲ್ಲಿರುತ್ತದೆ, ಮಳೆಗೆ ಕಲೆಕ್ಟರು ರಜೆ ಕೊಟ್ಟರೆ ಮಕ್ಕಳಿಗೆ ತಿಳಿಯುವುದು ಹೇಗೆ, ಇವಕ್ಕೆಲ್ಲ ಉತ್ತರ ಬರೆಯಿರಿ. ದಿನದ ಪಿರಿಯಡ್ಡುಗಳಲ್ಲಿ ಎರಡನ್ನು ಮಾತ್ರ ಮಂತ್ರವಿದ್ಯೆಗೆ ಬಿಡಿ. ಉಳಿದ ಹೊತ್ತಿನಲ್ಲಿ ಗಣಿತ, ಮಲೆಯಾಳ, ಸಮಾಜ ನಡೆಯಲಿ. ದಿನವಿಡೀ ಮಂತ್ರವೇ ನಡೆಯುವ ಶಾಲೆಯಲ್ಲಿ ಮಂತ್ರಕ್ಕೆ ಬೆಲೆಯಿರುವುದಿಲ್ಲ, ಗಣಿತದ ಪಿರಿಯಡ್ಡಿನಲ್ಲಿ ಕದ್ದು ಮಾಡುವ ಮಂತ್ರಕ್ಕೆ ಇರುತ್ತದೆ.

ಎಚ್ಚರಿಕೆಯ ಗುರುತು: ಈ ಎರಡು ಪುಟಗಳನ್ನು ತುಂಬಿಸುವುದು ಬೇಸರವೆನಿಸಿದರೆ ನಿಮಗೆ ಶಾಲೆಯ ಕಥೆ ಬೇಡವಾಗಿದೆ ಎಂದರ್ಥ. ಮಾಂತ್ರಿಕನ ಕಥೆಯನ್ನೋ ರಾಜಕುಮಾರಿಯ ಕಥೆಯನ್ನೋ ಬರೆಯಿರಿ, ಅದರಲ್ಲಿ ತಪ್ಪಿಲ್ಲ.

2. ಒಂದೇ ವಿದ್ಯೆ, ಅದರ ಬೆಲೆ, ಅದರ ಮಿತಿ

ಹೊಸಬರ ಕರಡಿನಲ್ಲಿ ಹಾರುವುದು, ಮಾಯವಾಗುವುದು, ಬೆಂಕಿ ಉಗುಳುವುದು, ಪರಕಾಯ ಪ್ರವೇಶ, ಪ್ರಾಣಿಗಳೊಡನೆ ಮಾತು, ಎಲ್ಲವೂ ಮೊದಲ ಮೂವತ್ತು ಪುಟಗಳಲ್ಲಿ ಬಂದುಬಿಡುತ್ತವೆ. ಆಮೇಲೆ ಯಾವ ಸಂಕಟ ಬಂದರೂ ಓದುಗರು ‘ಇವನಿಗೆ ಹಾರಲು ಬರುತ್ತದಲ್ಲ’ ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ಬರೆಯುವವರಲ್ಲಿ ಉತ್ತರವಿರುವುದಿಲ್ಲ. ಆದ್ದರಿಂದ ಮೊದಲ ಕಾದಂಬರಿಗೆ ಒಂದೇ ಒಂದು ವಿದ್ಯೆಯನ್ನು ಆರಿಸಿ, ಅದರ ಕುರಿತು ಮೂರು ವಾಕ್ಯಗಳನ್ನು ಬರೆದು ಗೋಡೆಗೆ ಅಂಟಿಸಬೇಕು. ಅದು ಏನು ಮಾಡುತ್ತದೆ, ಮಾಡಿದವರಿಂದ ಏನನ್ನು ಕಿತ್ತುಕೊಳ್ಳುತ್ತದೆ, ಏನನ್ನು ಎಂದಿಗೂ ಮಾಡಲಾರದು.

ಮುಂದಿನ ಹಂತಗಳು ಕೈಗೆ ಸಿಗುವಂತಾಗಲು ಒಂದು ಮಾದರಿಯನ್ನು ಇಲ್ಲಿಂದಲೇ ಬೆಳೆಸುತ್ತೇನೆ. ನಮ್ಮ ಶಾಲೆಯಲ್ಲಿ ಕಲಿಸುವುದು ಮಳೆಯನ್ನು ಕರೆಯುವ ವಿದ್ಯೆ. ಅದರ ಸೂತ್ರವಿರುವುದು ಹಳಗನ್ನಡದ ಒಂದು ಓಲೆಯಲ್ಲಿ, ಅದರ ಮುಖ್ಯ ಪದ ‘ಮೞೆ’. ಇದರಲ್ಲಿರುವ ೞ ಅಕ್ಷರ ಹೊಸಗನ್ನಡದಲ್ಲಿ ಳ ಆಗಿ ಕರಗಿಹೋಗಿದೆ. ಏೞು ಏಳಾಯಿತು, ಕೋೞಿ ಕೋಳಿಯಾಯಿತು. ಆದುದರಿಂದ ಕನ್ನಡ ಮಾಸ್ಟರು ಎಷ್ಟು ಭಕ್ತಿಯಿಂದ ಓದಿದರೂ ಒಂದು ಹನಿಯೂ ಬೀಳುವುದಿಲ್ಲ. ಆದರೆ ಆ ಉಚ್ಚಾರ ಮಲೆಯಾಳದಲ್ಲಿ ಇಂದಿಗೂ ಜೀವಂತವಾಗಿದೆ. ಮಳೆಗೆ ಅವರು ‘ಮೞ’ ಎನ್ನುತ್ತಾರೆ. ತ್ರಿಶೂರಿನ ಕಡೆಯಿಂದ ವರ್ಗವಾಗಿ ಬಂದ ಉದ್ಯೋಗಿಯೊಬ್ಬರ ಮಗ ಸಜೀವನ್, ಕನ್ನಡ ಅಕ್ಷರಗಳನ್ನು ಇನ್ನೂ ತಡವರಿಸಿ ಓದುವವನು, ಅದನ್ನು ತನ್ನ ನಾಲಗೆಯಲ್ಲಿ ಹೇಳಿದ ಕೂಡಲೇ ಹಂಚಿನ ಮೇಲೆ ಟಪ್ಪೆಂದು ಸದ್ದಾಗುತ್ತದೆ. ಪಕ್ಕದ ಬೆಂಚಿನ ವಾರಿಜೆಗೆ ಓಲೆಯನ್ನು ಓದಲು ಬರುತ್ತದೆ, ಹೇಳಲು ಬರುವುದಿಲ್ಲ; ಅವನಿಗೆ ಹೇಳಲು ಬರುತ್ತದೆ, ಓದಲು ಬರುವುದಿಲ್ಲ.

ಇನ್ನು ಬೆಲೆ. ಮಳೆ ಕರೆದ ಪ್ರತಿ ಬಾರಿಯೂ ಕರೆದವರ ಮನೆಮಾತಿನ ಒಂದು ಪದ ಮರೆತುಹೋಗುತ್ತದೆ. ಯಾವ ಪದ ಹೋಗುವುದೆಂದು ಮೊದಲೇ ತಿಳಿಯುವುದಿಲ್ಲ. ಮಿತಿ: ಇಲ್ಲದ ಮಳೆಯನ್ನು ಸೃಷ್ಟಿಸಲು ಸಾಧ್ಯವಿಲ್ಲ, ಗುಡ್ಡೆಯ ಆಚೆ ಬೀಳಬೇಕಿದ್ದ ಮಳೆ ಮಾತ್ರ ಈಚೆಗೆ ಬರುತ್ತದೆ. ಅಂದರೆ ಒಂದು ಊರಿನ ಪವಾಡ ಇನ್ನೊಂದು ಊರಿನ ಬರ. ಈ ಎರಡು ವಾಕ್ಯಗಳಿಂದಲೇ ಇನ್ನೂರು ಪುಟಕ್ಕೆ ಸಾಕಾಗುವಷ್ಟು ಜಗಳ ಹುಟ್ಟುತ್ತದೆ. ನಿಮ್ಮ ಬೆಲೆ ಮತ್ತು ಮಿತಿಗಳಿಂದ ಜಗಳ ಹುಟ್ಟದಿದ್ದರೆ ಅವು ಇನ್ನೂ ಮೆದುವಾಗಿವೆ. ‘ಮಂತ್ರ ಹೇಳಿದರೆ ಆಯಾಸವಾಗುತ್ತದೆ’ ಎಂಬುದು ಬೆಲೆಯಲ್ಲ, ಗಂಜಿ ಕುಡಿದರೆ ಹೋಗುವಂಥದ್ದು ಬೆಲೆಯಾಗಲಾರದು.

ಇಲ್ಲಿ ಆಗುವ ಇನ್ನೊಂದು ತಪ್ಪನ್ನು ಬಿಡಿಸಿ ಹೇಳಬೇಕು. ಪಂಜುರ್ಲಿಯನ್ನು ಶಾಲೆಯ ಕಾವಲುಗಾರನನ್ನಾಗಿ, ಗುಳಿಗನನ್ನು ಖಳನಾಯಕನನ್ನಾಗಿ ಮಾಡಿದ ಕರಡುಗಳು ನನ್ನ ಕೈಗೆ ಬಂದಿವೆ. ಇವು ನಮ್ಮ ನೆರೆಯವರು ಇಂದಿಗೂ ಕೈಮುಗಿಯುವ ದೈವಗಳು. ಕಥೆಗೆ ಎರವಲು ತರುವ ಗೊಂಬೆಗಳಲ್ಲ. ದೈವಗಳ ಕಥೆ ಹೇಳುವ ತುಳು ಹಾಡಾದ ಪಾಡ್ದನದ ಲಯವನ್ನು ಕಿವಿಯಲ್ಲಿ ಇಟ್ಟುಕೊಳ್ಳಿ, ಹೆಸರನ್ನೂ ಆಚರಣೆಯನ್ನೂ ನೀವೇ ಕಟ್ಟಿ. ‘ಓಂ ಹ್ರೀಂ ಫಟ್’ ಎಂಬ ಜೋಡಣೆಗಳನ್ನೂ ಕೈಬಿಡುವುದು ಒಳ್ಳೆಯದು. ಅವು ಕಿವಿಗೆ ಬಿದ್ದೊಡನೆ ಓದುಗರಿಗೆ ನೆನಪಾಗುವುದು ಹಾಸ್ಯ ನಾಟಕ.

3. ಮಗು ಈ ಶಾಲೆಗೆ ಬಂದುದಕ್ಕೆ ಕಾರಣ

‘ಭವಿಷ್ಯವಾಣಿಯಲ್ಲಿ ಇವನ ಹೆಸರಿತ್ತು’ ಎಂಬ ಕಾರಣವನ್ನು ಮೊದಲ ಕಾದಂಬರಿಯಲ್ಲಿ ಬಳಸಬೇಡಿ. ಅದು ಎಲ್ಲೆಡೆ ಹಳಸಿದೆ, ಅದಕ್ಕಿಂತ ಮುಖ್ಯವಾಗಿ, ಆಯ್ಕೆಯಾದ ಮಗುವಿಗೆ ಏನನ್ನೂ ಬಯಸುವ ಅಗತ್ಯ ಬೀಳುವುದಿಲ್ಲ. ಹಾಗೆಯೇ ಹಾರುವ ಪೊರಕೆ, ಬಣಗಳಾಗಿ ಒಡೆದ ವಸತಿಗೃಹ, ದುಷ್ಟ ಚಿಕ್ಕಮ್ಮನ ಮನೆಯ ಅನಾಥ ಬಾಲಕ, ಇವುಗಳಲ್ಲಿ ಒಂದು ನಿಮ್ಮ ಕರಡಿನಲ್ಲಿದ್ದರೂ ಓದುಗರು ಅದು ಯಾವ ಅಂಗಡಿಯ ಸರಕೆಂದು ತಕ್ಷಣ ಗುರುತಿಸುತ್ತಾರೆ.

ನಮ್ಮಲ್ಲಿಯೇ ಇದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ತಲೆ ಎಣಿಕೆ ಕಡಿಮೆ ಬಂದರೆ ಡಿವಿಷನ್, ಅಂದರೆ ತರಗತಿಯ ಒಂದು ವಿಭಾಗ, ಹೋಗುತ್ತದೆ, ಡಿವಿಷನ್ ಹೋದರೆ ಟೀಚರಿನ ಹುದ್ದೆ ಅಲುಗಾಡುತ್ತದೆ. ಅದಕ್ಕೇ ಬೇಸಗೆ ರಜೆಯಲ್ಲಿ ಮಾಸ್ಟರುಗಳು ಕೊಡೆ ಹಿಡಿದು ಮನೆಮನೆಗೆ ಮಕ್ಕಳನ್ನು ಕೇಳುತ್ತಾ ಹೋಗುವುದು. ನಿಮ್ಮ ಮಂತ್ರಶಾಲೆಗೂ ಆರನೆಯ ದಿನದ ಲೆಕ್ಕದಲ್ಲಿ ಒಂದು ಮಗು ಕಡಿಮೆ ಬೀಳಲಿ. ಮಾಸ್ಟರು ವಾರಿಜೆಯ ಮನೆಗೆ ಬರುವುದು ಅವಳಲ್ಲಿ ದಿವ್ಯಶಕ್ತಿ ಕಂಡಿರುವುದಕ್ಕಲ್ಲ, ರಿಜಿಸ್ಟರಿನಲ್ಲಿ ಒಂದು ಗೆರೆ ಖಾಲಿಯಿರುವುದಕ್ಕೆ. ಅಲ್ಲಿ ಅವಳು ಬೇಕಾದವಳೇ ಅಥವಾ ಲೆಕ್ಕಕ್ಕೆ ಸೇರಿಸಿದವಳೇ ಎಂಬ ಪ್ರಶ್ನೆ ಅಂದಿನಿಂದಲೇ ಅವಳ ಬೆನ್ನು ಹತ್ತುತ್ತದೆ.

ಈ ಹಂತ ಮುಗಿಯುವಾಗ ನಿಮ್ಮಲ್ಲಿ ‘ವಾರಿಜೆಗೆ ಇದು ಬೇಕು, ಆದರೆ ಇದು ಅಡ್ಡಿ’ ಎಂಬ ರೂಪದ ಒಂದು ವಾಕ್ಯ ಇರಬೇಕು. ಅಡ್ಡಿಯ ಜಾಗದಲ್ಲಿ ಖಳನಾಯಕನ ಹೆಸರು ಬಂದಿದ್ದರೆ ಅಳಿಸಿ ಮತ್ತೆ ಬರೆಯಿರಿ. ಎರಡನೆಯ ಹಂತದಲ್ಲಿ ಬರೆದ ಬೆಲೆಯೇ ಅಲ್ಲಿ ಬರಬೇಕು.

4. ಜಾಗ

ಬೇಕಲ ಕೋಟೆಯಲ್ಲಿ ಶಾಲೆ ಇಡುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಸುಮಾರು 40 ಎಕರೆಯ ಆ ಕೋಟೆಯ ಮೂಲೆಮೂಲೆಯನ್ನೂ ಪ್ರವಾಸಿಗರು ಫೋಟೋ ತೆಗೆದಿದ್ದಾರೆ, ಜೊತೆಗೆ ಅದು ವಾಸಕ್ಕಾಗಿ ಕಟ್ಟಿದ ಅರಮನೆಯಲ್ಲ, ಕಾವಲಿಗಾಗಿ ಕಟ್ಟಿದ್ದು. ಊರಿನ ಹೆಸರನ್ನು ನೀವೇ ಇಡಿ. ಸುತ್ತಲಿನ ಹೊಳೆ, ಪೇಟೆ, ಬಸ್ಸಿನ ಮಾರ್ಗಗಳು ನಿಜದವೇ ಆಗಿರಲಿ. ಬದಿಯಡ್ಕದಲ್ಲಿ ಬಸ್ಸಿಳಿದು ಎರಡು ಮೈಲು ನಡೆದರೆ ಸಿಗುವ, ಯಾವ ನಕ್ಷೆಯಲ್ಲಿಯೂ ಇಲ್ಲದ ಊರನ್ನು ಓದುಗರು ಪ್ರಶ್ನಿಸದೆ ನಂಬುತ್ತಾರೆ.

ಮಂತ್ರಶಾಲೆಗೆ ಬೇಕಾದ ನಿಗೂಢತೆ ನಮ್ಮ ತೋಟಗಳಲ್ಲಿಯೇ ಇದೆ, ಅದಕ್ಕೆ ಸುರಂಗವೆಂದು ಹೆಸರು. ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆಗಳಲ್ಲಿ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕೊರೆದ ಈ ಬಿಲಗಳಿಂದ ನೀರು ಪಂಪಿಲ್ಲದೆ ತಾನಾಗಿ ಹರಿದು ಕೆರೆಗೋ ತೊಟ್ಟಿಗೋ ಬೀಳುತ್ತದೆ. ಒಮ್ಮೆ ಏಪ್ರಿಲಿನಲ್ಲಿ, ಮಧ್ಯಾಹ್ನದ ಹೊತ್ತು, ಪರಿಚಿತರೊಬ್ಬರ ತೋಟದ ಸುರಂಗದೊಳಕ್ಕೆ ಹೋಗಿ ಬಂದು ಆಮೇಲೆ ಬರೆಯಲು ಕುಳಿತೆ. ಹೊರಗೆ ಅಡಿಕೆ ಹಾಳೆ ಒಣಗಿ ಸಿಡಿಯುತ್ತಿತ್ತು, ಹತ್ತು ಹೆಜ್ಜೆ ಒಳಗೆ ಪಾದ ಮುಳುಗುವಷ್ಟು ನೀರು ಐಸಿನಂತೆ ಕೊರೆಯಿತು. ಗೋಡೆಯ ಮೇಲೆ ಪಿಕ್ಕಾಸಿನ ಏಟುಗಳು ಮೀನಿನ ಹುರುಪೆಯಂತೆ ಸಾಲಾಗಿ ಕಂಡವು. ಬಾವಲಿಗಳ ವಾಸನೆ. ಇಪ್ಪತ್ತನೆಯ ಹೆಜ್ಜೆಯಲ್ಲಿ ಕೈಯಲ್ಲಿದ್ದ ಮೇಣದ ಬತ್ತಿಯ ಜ್ವಾಲೆ ಕುಗ್ಗಿತು. ‘ಬತ್ತಿ ಸಣ್ಣಗಾದರೆ ಹಿಂದೆ ಬರಬೇಕು, ಗಾಳಿ ಇಲ್ಲ’ ಎಂದು ತೋಟದವರು ಹೊರಗಿನಿಂದ ಕೂಗಿದರು.

ಆ ಒಂದು ಕೂಗು ನನಗೆ ಶಾಲೆಯ ನಿಯಮಾವಳಿಯನ್ನೇ ಕೊಟ್ಟಿತು: ಮಳೆ ಕರೆಯುವ ಪಾಠ ನಡೆಯುವುದು ಸುರಂಗದೊಳಗೆ, ಮುಂದಿನ ಮಗುವಿನ ಕೈಯಲ್ಲಿ ಬತ್ತಿ, ಜ್ವಾಲೆ ಕುಗ್ಗಿದಾಗ ಪಾಠ ಮುಗಿಯಿತು. ನೀವೂ ಆರಿಸಿದ ಜಾಗಕ್ಕೆ ಹೋಗಿ ಒಂದು ಗಂಟೆ ಕುಳಿತು, ಕಣ್ಣಿಗೆ ಕಂಡದ್ದಕ್ಕಿಂತ ಚರ್ಮಕ್ಕೂ ಮೂಗಿಗೂ ತಿಳಿದದ್ದನ್ನು ಹೆಚ್ಚು ಬರೆದುಕೊಳ್ಳಿ. ಆದರೆ ಸುರಂಗಕ್ಕೆ ಒಬ್ಬರೇ ಹೋಗಬೇಡಿ; ಹಳೆಯವು ಕುಸಿಯುತ್ತವೆ.

5. ಮಾತು

ಹೆಚ್ಚಿನ ಕರಡುಗಳು ಇಲ್ಲಿ ಹಾಳಾಗುತ್ತವೆ, ಅದಕ್ಕಾಗಿ ಸ್ವಲ್ಪ ಹೆಚ್ಚು ಹೊತ್ತು ಇಲ್ಲಿ ನಿಲ್ಲುತ್ತೇನೆ.

ನಿರೂಪಣೆಯನ್ನು ಗ್ರಾಂಥಿಕ ಕನ್ನಡದಲ್ಲಿ ಇಟ್ಟು ಮಾತುಕತೆಯನ್ನು ಅವರವರ ಮನೆಮಾತಿಗೆ ಬಿಡುವುದು ಸುರಕ್ಷಿತ ದಾರಿ. ಹವ್ಯಕ ಅಜ್ಜಿ ‘ಎನಗೆ ಗೊಂತಿಲ್ಲೆ’ ಎನ್ನಲಿ, ತುಳುವಿನ ಅಡುಗೆಯಾಕೆ ‘ಎಂಕ್ ಗೊತ್ತುಜ್ಜಿ’ ಎನ್ನಲಿ. ಅರ್ಥವನ್ನು ಪಕ್ಕದಲ್ಲಿ ಕಂಸ ಹಾಕಿ ಬರೆಯುವುದು, ಕೊನೆಯಲ್ಲಿ ಪದಕೋಶ ಕೊಡುವುದು, ಇವೆರಡನ್ನೂ ಬಿಟ್ಟುಬಿಡಿ. ಪ್ರಶ್ನೆ ಕೇಳಿದವರ ಮುಖದಲ್ಲಿ, ಉತ್ತರದ ನಂತರದ ಕ್ರಿಯೆಯಲ್ಲಿ ಅರ್ಥ ತಿಳಿಯುವಂತೆ ದೃಶ್ಯವನ್ನು ಕಟ್ಟಬೇಕು. ‘ಇವಿಡೆ ವಾ’ ಎಂದು ಕರೆದ ಕೂಡಲೇ ಹುಡುಗ ಚೀಲ ಎತ್ತಿಕೊಂಡು ಹತ್ತಿರ ಬಂದರೆ ಧಾರವಾಡದ ಓದುಗರಿಗೂ ಅನುವಾದ ಬೇಕಾಗುವುದಿಲ್ಲ.

ಎರಡನೆಯ ಅಪಾಯ, ಒಂದು ಮನೆಮಾತನ್ನು ನಗೆಗೆ ಮಾತ್ರ ಬಳಸುವುದು. ಅಡುಗೆಯವರು, ಬೆಲ್ಲು ಹೊಡೆಯುವವರು, ಕಳ್ಳರು ಮಾತ್ರ ತುಳುವಿನಲ್ಲಿ ಮಾತನಾಡಿ ಮಂತ್ರಗುರುಗಳೆಲ್ಲ ಸಂಸ್ಕೃತಭರಿತ ಕನ್ನಡದಲ್ಲಿ ಮಾತನಾಡುವ ಕರಡನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ. ಗುರುಗಳಲ್ಲಿ ಒಬ್ಬರಾದರೂ ಬ್ಯಾರಿಯಲ್ಲಿಯೋ ಮರಾಠಿಯಲ್ಲಿಯೋ ಗದರಿಸಲಿ.

ಮೂರನೆಯದು ನಾನೇ ಮಾಡಿದ ತಪ್ಪು. ಮಾದರಿ ಕಥೆಯ ಮೊದಲ ರೂಪದಲ್ಲಿ ೞ ಉಚ್ಚರಿಸುವ ಹುಡುಗನನ್ನು ಕಾಸರಗೋಡು ಪೇಟೆಯ, ಮಲೆಯಾಳ ಮಾತನಾಡುವ ಮಾಪಿಳ್ಳೆ ಮುಸ್ಲಿಮರ ಮನೆಯವನನ್ನಾಗಿ ಮಾಡಿದ್ದೆ. ಓದಿದ ಗೆಳೆಯರು ನಕ್ಕರು. ಆ ಮನೆಗಳಲ್ಲಿ ಮೞ ಎನ್ನುವುದಿಲ್ಲ, ‘ಮಯ’ ಎನ್ನುತ್ತಾರೆ. ‘ಮಲೆಯಾಳ ಬಲ್ಲವರಿಗೆಲ್ಲ ೞ ಬರುತ್ತದೆ’ ಎಂಬ ನನ್ನ ಊಹೆ ಹೊರಗಿನವರ ಊಹೆಯಾಗಿತ್ತು. ಅದಕ್ಕಾಗಿಯೇ ಸಜೀವನನ್ನು ತ್ರಿಶೂರಿನಿಂದ ಕರೆತಂದದ್ದು. ಅದರಿಂದ ಕಥೆಗೆ ಲಾಭವೇ ಆಯಿತು, ಏಕೆಂದರೆ ಈಗ ತರಗತಿಯ ಮಲೆಯಾಳ ಮಕ್ಕಳಲ್ಲಿಯೂ ಕೆಲವರು ಸೋಲುತ್ತಾರೆ, ಸೋತವರು ಅವನನ್ನು ‘ತೆಕ್ಕನ್’, ಅಂದರೆ ತೆಂಕಣದವನು, ಎಂದು ದೂರ ಇಡುತ್ತಾರೆ. ಸಾಮಗ್ರಿಯ ಪಟ್ಟಿಯಲ್ಲಿ ಬೇರೆ ಮನೆಮಾತಿನ ಸ್ನೇಹಿತರನ್ನು ಸೇರಿಸಿದ್ದು ಇದಕ್ಕೆ. ಸಂಭಾಷಣೆಯ ಪ್ರತಿಯೊಂದು ಸಾಲನ್ನೂ ಆ ಮಾತಿನವರ ಬಾಯಿಂದ ಒಮ್ಮೆ ಕೇಳದೆ ಮುಂದಿನ ಹಂತಕ್ಕೆ ಹೋಗಬಾರದು.

6. ಶಾಲಾ ಕ್ಯಾಲೆಂಡರೇ ಕಥಾಹಂದರ

ಹೊಸ ಬರಹಗಾರರಿಗೆ ‘ಮೂರು ಅಂಕ’, ‘ತಿರುವು’ ಎಂಬ ಪಾಠಗಳನ್ನು ಹೇಳುವುದಕ್ಕಿಂತ ಶಾಲೆಯ ಕ್ಯಾಲೆಂಡರನ್ನು ಎದುರಿಗಿಡುವುದು ಫಲ ಕೊಡುತ್ತದೆ. ನಮ್ಮ ಶಾಲಾ ವರ್ಷ ಜೂನಿನ ಮಳೆಯಲ್ಲಿ ತೆರೆಯುತ್ತದೆ, ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ಮಾರ್ಚಿನ ವಾರ್ಷಿಕ ಪರೀಕ್ಷೆಗಳ ಮೂಲಕ ಸಾಗಿ ಬೇಸಗೆಯ ಬಾಗಿಲಲ್ಲಿ ಮುಚ್ಚುತ್ತದೆ. ಮಳೆ ಕರೆಯುವ ಕಥೆಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಸಿಗಲಾರದು, ಏಕೆಂದರೆ ಜೂನಿನಲ್ಲಿ ಯಾರಿಗೂ ಬೇಡವಾದ ವಿದ್ಯೆ ಮಾರ್ಚಿನಲ್ಲಿ ಎಲ್ಲರಿಗೂ ಬೇಕಾಗುತ್ತದೆ.

ಹತ್ತು ತಿಂಗಳಿಗೆ ಇಪ್ಪತ್ತು ಅಧ್ಯಾಯ, ತಿಂಗಳಿಗೆ ಎರಡರಂತೆ. ಅಧ್ಯಾಯಕ್ಕೆ 2,500 ಪದ ಹಿಡಿದರೆ ಒಟ್ಟು 50,000. ಕನ್ನಡದಲ್ಲಿ ‘ಹೋಗಬೇಕಾಗಿತ್ತಲ್ಲ’ ಎಂಬ ಒಂದೇ ಪದ ಇಂಗ್ಲಿಷಿನ ನಾಲ್ಕೈದು ಪದಗಳ ಕೆಲಸ ಮಾಡುವುದರಿಂದ ಆ ಭಾಷೆಯ ಕಾದಂಬರಿಗಳ ಪದಸಂಖ್ಯೆಯನ್ನು ಗುರಿಯಾಗಿ ಇಟ್ಟುಕೊಳ್ಳುವುದು ಮೂರ್ಖತನ. ಪುಸ್ತಕಗಳ ಸಾಮಾನ್ಯ ಅಳತೆಯಾದ ಡೆಮಿ ಅಷ್ಟದಳದ ಆಕಾರದಲ್ಲಿ ಇಷ್ಟು ಪದಗಳು ಇನ್ನೂರು ಪುಟವನ್ನು ಸಲೀಸಾಗಿ ತುಂಬುತ್ತವೆ.

7. ಮೊದಲ ಪುಟ

ಈಗ, ಇಷ್ಟೆಲ್ಲ ಆದ ಮೇಲೆ, ಬರೆಯಲು ಕುಳಿತುಕೊಳ್ಳಿ. ಹೆಚ್ಚಿನವರ ಮೊದಲ ಸಾಲು ಹೀಗಿರುತ್ತದೆ:

‘ಸಾವಿರಾರು ವರ್ಷಗಳ ಹಿಂದೆ ಮಂತ್ರಲೋಕದಲ್ಲಿ ಬೆಳಕು ಮತ್ತು ಕತ್ತಲೆಯ ಶಕ್ತಿಗಳ ನಡುವೆ ಘೋರ ಯುದ್ಧ ನಡೆದಿತ್ತು.’

ಇದನ್ನು ತಿದ್ದಲು ಸಾಧ್ಯವಿಲ್ಲ, ಹೊಡೆದುಹಾಕಬೇಕು. ಯುದ್ಧ ನಡೆದದ್ದು ನಿಜವೇ ಆಗಿದ್ದರೆ ಅದು ಹನ್ನೊಂದನೆಯ ಅಧ್ಯಾಯದಲ್ಲಿ ಯಾರಾದರೂ ಸುಳ್ಳು ಹೇಳುವಾಗ ಬರಲಿ. ಮೊದಲ ಪುಟದಲ್ಲಿ ತರಗತಿ, ಅದರೊಳಗೆ ಒಂದೇ ಒಂದು ಅಸಹಜ ಸಂಗತಿ:

‘ಹಾಜರಿ ಕರೆಯುವಾಗ ಮಾಸ್ಟರು ಹದಿನೇಳನೆಯ ಹೆಸರನ್ನು ಇವತ್ತೂ ಬಿಟ್ಟರು. ಆ ಜಾಗದಲ್ಲಿ ಒದ್ದೆ ಕೊಡೆಯೊಂದನ್ನು ಬೆಂಚಿಗೆ ಒರಗಿಸಿಟ್ಟಿತ್ತು. ಅದರಿಂದ ಇಳಿದ ನೀರು ಬಾಗಿಲ ಕಡೆಯ ಇಳಿಜಾರನ್ನು ಬಿಟ್ಟು, ಮೇಜಿನ ಕಡೆಗೆ, ಮೇಲಕ್ಕೆ ಹರಿಯುತ್ತಿರುವುದನ್ನು ವಾರಿಜೆ ನೋಡಿದಳು. ಮಾಸ್ಟರೂ ನೋಡಿದರು. ಕಾಲನ್ನು ಸ್ವಲ್ಪ ಎತ್ತಿ ಹದಿನೆಂಟನೆಯ ಹೆಸರು ಕರೆದರು.’

ಇಲ್ಲಿ ಮಾಸ್ಟರು ಬೆರಗಾಗುವುದಿಲ್ಲ ಎಂಬುದನ್ನು ಗಮನಿಸಿ. ಆ ಕಾಲೆತ್ತುವಿಕೆಯಲ್ಲಿಯೇ ಇದು ಇಲ್ಲಿ ದಿನನಿತ್ಯದ ಸಂಗತಿಯೆಂದು ತಿಳಿಯುತ್ತದೆ, ಅದನ್ನು ಬೇರೆಯಾಗಿ ಹೇಳುವ ಅಗತ್ಯವಿಲ್ಲ. ನಿಮ್ಮ ಮೊದಲ ಪುಟದಲ್ಲಿ ‘ಅದ್ಭುತ’, ‘ವಿಸ್ಮಯ’, ‘ನಿಗೂಢ’ ಎಂಬ ಪದಗಳು ಎಷ್ಟು ಸಲ ಬಂದಿವೆಯೆಂದು ಎಣಿಸಿ ಅಷ್ಟನ್ನೂ ತೆಗೆಯಿರಿ. ಪುಟ ಕುಸಿದುಬಿದ್ದರೆ ಅಲ್ಲಿ ಮೊದಲೇ ಏನೂ ಇರಲಿಲ್ಲ.

8. ಅರುವತ್ತನೆಯ ಪುಟ

ಎಲ್ಲರೂ ನಿಲ್ಲುವ ಜಾಗ ಇದು. ಕಥೆ ಆಗಸ್ಟನ್ನು ತಲುಪಿರುತ್ತದೆ. ಶಾಲೆ ಹಳತಾಗಿದೆ, ಬೆರಗು ಮುಗಿದಿದೆ. ಈ ಹೊತ್ತಿನಲ್ಲಿ ಬರೆಯುವವರು ಮಾಡುವ ಮೊದಲ ತಪ್ಪು ಹೊಸದೊಂದು ಮಂತ್ರವನ್ನು ತರುವುದು, ಎರಡನೆಯ ತಪ್ಪು ಹೊಸದೊಬ್ಬ ಖಳನನ್ನು ತರುವುದು. ಎರಡರಿಂದಲೂ ಇಪ್ಪತ್ತು ಪುಟ ಮುಂದೆ ಹೋಗಿ ಮತ್ತೆ ಅಲ್ಲಿಗೇ ಬರುತ್ತಾರೆ.

ಇಲ್ಲಿ ಮಾಡಬೇಕಾದುದು ಬೆಲೆಯನ್ನು ವಸೂಲು ಮಾಡುವುದು. ಓಣಂ ರಜೆಗೆ ಸಜೀವನ್ ಅಜ್ಜಿಯ ಮನೆಗೆ ಹೋಗುತ್ತಾನೆ, ಜಗಲಿಯಲ್ಲಿ ಕುಳಿತ ಅಜ್ಜಿಯನ್ನು ಕೂಗಲು ಬಾಯಿ ತೆರೆಯುತ್ತಾನೆ, ಅವಳನ್ನು ತಾನು ಏನೆಂದು ಕರೆಯುತ್ತಿದ್ದೆನೆಂಬುದೇ ನೆನಪಾಗುವುದಿಲ್ಲ. ಕನ್ನಡದಲ್ಲಿ ‘ಅಜ್ಜಿ’ ಎಂಬುದು ಗೊತ್ತಿದೆ, ಅದನ್ನೇ ಹೇಳುತ್ತಾನೆ. ಅವಳು ನಗುತ್ತಾಳೆ, ಮೊಮ್ಮಗ ಗಡಿಯ ಶಾಲೆಗೆ ಹೋಗಿ ಕನ್ನಡಿಗನಾದನೆಂದು ನೆರೆಯವರಿಗೆ ಹೇಳುತ್ತಾಳೆ. ಈ ದೃಶ್ಯದಲ್ಲಿ ಯಾವ ಮಂತ್ರವೂ ಇಲ್ಲ, ಆದರೆ ಇದಾದ ಮೇಲೆ ಅವನು ಮತ್ತೆ ಮಳೆ ಕರೆಯುತ್ತಾನೋ ಇಲ್ಲವೋ ಎಂಬುದಕ್ಕಾಗಿಯೇ ಓದುಗರು ಪುಟ ತಿರುಗಿಸುತ್ತಾರೆ.

ನಂತರ ಮಿತಿಯನ್ನು ಹೊರಗೆ ತನ್ನಿ. ಕರೆದ ಮಳೆ ಗುಡ್ಡೆಯ ಆಚೆಯ ಊರಿನದು, ಹಾಜರಿ ಪಟ್ಟಿಯನ್ನು ತೆಗೆದು ನೋಡಿದರೆ ಆ ಊರಿನಿಂದ ಬರುವ ಮಗುವೊಂದು ನಾಲ್ಕನೆಯ ಬೆಂಚಿನಲ್ಲಿದೆ. ಅದರ ಮನೆಯ ಸುರಂಗ ಡಿಸೆಂಬರಿನಲ್ಲಿಯೇ ಬತ್ತಿದೆ. ಮೊದಲ ಹಂತದಲ್ಲಿ ಬೇಸರದಿಂದ ಬರೆದ ಮೂವತ್ತು ಹೆಸರುಗಳು ಉಪಯೋಗಕ್ಕೆ ಬರುವುದು ಹೀಗೆ.

ವರ್ಷದ ನಡುವೆ ದೊಡ್ಡ ಸ್ಪರ್ಧೆಯೊಂದು ಬೇಕೆನಿಸಿದರೆ ಹೊಸ ಆಟವನ್ನು ಕಂಡುಹಿಡಿಯುವ ಶ್ರಮ ಬೇಡ. ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೇಲೇರುವ ಕಲೋತ್ಸವ ನಮ್ಮಲ್ಲಿದೆ, ಅದರಲ್ಲಿ ಯಕ್ಷಗಾನಕ್ಕೂ ಸ್ಪರ್ಧೆಯಿದೆ. ಎ ಗ್ರೇಡಿಗಾಗಿ ಅಳುವ ಮಕ್ಕಳು, ಮಕ್ಕಳಿಗಿಂತ ಹೆಚ್ಚು ಅಳುವ ತಾಯಂದಿರು, ತೀರ್ಪಿನ ಮೇಲಿನ ಅಪೀಲು, ಬಣ್ಣ ಕರಗುವ ಮೊದಲು ವೇದಿಕೆಗೆ ಹೋಗಲು ನಡೆಯುವ ಜಗಳ, ಇಷ್ಟೂ ಸಿದ್ಧವಾಗಿ ಸಿಗುತ್ತವೆ. ಬಯಲಿನ ವೇದಿಕೆಯಲ್ಲಿ ಎದುರಾಳಿ ಶಾಲೆಯ ಮೇಳ ಕುಣಿಯುತ್ತಿರುವಾಗ ಯಾರೋ ಮೆಲ್ಲನೆ ‘ಮೞೆ’ ಎಂದರೆ ಏನಾದೀತು? ಆ ಅಧ್ಯಾಯವನ್ನು ಬರೆಯಲು ನನಗೆ ಎರಡೇ ದಿನ ಹಿಡಿಯಿತು.

ದಿನಕ್ಕೆ 500 ಪದದಂತೆ ನೂರು ದಿನಗಳಲ್ಲಿ ಮೊದಲ ಕರಡು ಮುಗಿಯುತ್ತದೆ. ಮುಗಿಯುವ ಮೊದಲು ಹಿಂದಿನ ಅಧ್ಯಾಯಗಳನ್ನು ತಿದ್ದಲು ಕುಳಿತುಕೊಳ್ಳಬೇಡಿ. ಹಾಗೆ ಕುಳಿತವರು ಮೊದಲ ಅಧ್ಯಾಯವನ್ನು ಹನ್ನೊಂದು ಸಲ ಬರೆಯುತ್ತಾರೆ, ಹನ್ನೆರಡನೆಯ ಅಧ್ಯಾಯವನ್ನು ಒಮ್ಮೆಯೂ ಬರೆಯುವುದಿಲ್ಲ.

9. ತಿದ್ದುವುದು

ಕರಡನ್ನು ಮೂರು ವಾರ ಮುಚ್ಚಿಡಿ. ಆಮೇಲೆ ಗಟ್ಟಿಯಾಗಿ ಓದಿ, ಸಾಧ್ಯವಿದ್ದರೆ ಏಳನೆಯ ತರಗತಿಯ ಮಗುವೊಂದರ ಎದುರಿಗೆ. ಮಗು ಕಿಟಕಿಯ ಕಡೆಗೆ ನೋಡಿದ ಜಾಗಗಳಲ್ಲಿ ಪೆನ್ಸಿಲಿನ ಗುರುತು ಹಾಕಿ. ಸಾಮಾನ್ಯವಾಗಿ ಅಲ್ಲಿ ಯಾರೋ ಗುರುಗಳು ಮಂತ್ರಲೋಕದ ಇತಿಹಾಸ ಹೇಳುತ್ತಿರುತ್ತಾರೆ. ಗೋಡೆಗೆ ಅಂಟಿಸಿದ ಮೂರು ವಾಕ್ಯಗಳನ್ನು ಮೀರಿದ ಮಂತ್ರ ಎಲ್ಲಿಯಾದರೂ ನುಸುಳಿದ್ದರೆ ಅದನ್ನು ತೆಗೆಯಿರಿ, ಅದು ಎಷ್ಟೇ ಚೆನ್ನಾಗಿದ್ದರೂ.

10. ಪ್ರಕಾಶಕರಿಗೆ ಕೊಡುವ ಮೊದಲು

ಒಪ್ಪಂದ ಬರವಣಿಗೆಯಲ್ಲಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು; ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಪರಿಗಣಿಸಲಾಗುತ್ತದೆ. ಮುದ್ರಣದ ಹಕ್ಕು, ಅನುವಾದದ ಹಕ್ಕು, ಆಡಿಯೋ ಹಕ್ಕು ಬೇರೆಬೇರೆ. ಗಡಿನಾಡಿನ ಕಥೆಗೆ ಮಲೆಯಾಳ ಅನುವಾದದ ಸಾಧ್ಯತೆ ಯಾವಾಗಲೂ ಇರುವುದರಿಂದ ಆ ಹಕ್ಕನ್ನು ಬಾಯಿಮಾತಿನಲ್ಲಿ ಬಿಟ್ಟುಕೊಡಬೇಡಿ. ಪ್ರಕಾಶಕರಿಲ್ಲದೆ ನೀವೇ ಅಚ್ಚು ಹಾಕಿಸುವುದಾದರೆ ಐಎಸ್‌ಬಿಎನ್ ಎಂಬ, ಪುಸ್ತಕವನ್ನು ಗುರುತಿಸುವ ಸಂಖ್ಯೆಗೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಗೆ ಅರ್ಜಿ ಹಾಕಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ.

ಕೊನೆಯದು ಅಕ್ಷರದ ಸಂಗತಿ. ನೀವು ಯುನಿಕೋಡಿನಲ್ಲಿ ಬರೆದಿರುತ್ತೀರಿ, ಆದರೆ ಪುಟವಿನ್ಯಾಸ ಮಾಡುವವರು ಅನೇಕ ಕಡೆ ಅದನ್ನು ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆ ಪರಿವರ್ತನೆಯಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರಗಳು ಒಡೆಯುತ್ತವೆ. ನನ್ನ ಕರಡಚ್ಚು ಬಂದಾಗ ಕಥೆಯ ಜೀವಾಳವಾಗಿದ್ದ ೞ ಇದ್ದ ಕಡೆಯಲ್ಲೆಲ್ಲ ಖಾಲಿ ಚೌಕವಿತ್ತು, ಇನ್ನು ಕೆಲವೆಡೆ ಯಾರೋ ಮುತುವರ್ಜಿಯಿಂದ ಅದನ್ನು ‘ಮಳೆ’ ಎಂದು ತಿದ್ದಿದ್ದರು. ಹಾಗಾಗಿ ವಿಶೇಷ ಅಕ್ಷರಗಳಿರುವ ಪದಗಳ ಪಟ್ಟಿಯನ್ನು ಪುಟಸಂಖ್ಯೆಯೊಂದಿಗೆ ಬೇರೆ ಹಾಳೆಯಲ್ಲಿ ಬರೆದು ಹಸ್ತಪ್ರತಿಯ ಜೊತೆಗೆ ಕೊಡಿ, ಆ ಅಕ್ಷರವಿರುವ ಫಾಂಟಿನ ಹೆಸರನ್ನೂ ಅದರಲ್ಲಿ ನಮೂದಿಸಿ, ಪಿಡಿಎಫ್ ಬಂದ ಮೇಲೆ ಮೊಬೈಲಿನ ಪರದೆಯಲ್ಲಿ ನೋಡಿ ಒಪ್ಪಿಗೆ ಕೊಡದೆ ಕಾಗದದ ಮೇಲೆ ಮುದ್ರಿಸಿಕೊಂಡು, ಪಟ್ಟಿಯ ಒಂದೊಂದು ಪದವನ್ನೂ ಬೆರಳಿಟ್ಟು ಪರೀಕ್ಷಿಸಿ, ಆಮೇಲೆ ಸಹಿ ಹಾಕಿ.